ಮಲ್ಲೇಶ್ವರಕ್ಕೆ ಹೋಗಿ ಬುಟ್ಟಿ ತಂದದ್ದು

ಮಾವಳ್ಳಿ, ಹೊರಡುವ ಮುನ್ನ

ಪರದೇಶಕ್ಕೆ ಹೋಗಿ ಬಂದವರು ಏನಾದರೂ ಬರೆಯಬೇಕಂತೆ. ನಮ್ಮ ಬೀದಿಯಲ್ಲಿ ಸಿಂಗಪುರ ನೋಡಿ ಬಂದವರು ಇಬ್ಬರಿದ್ದಾರೆ. ಅಲ್ಲಿಯ ರಸ್ತೆ ಎಷ್ಟು ಚೊಕ್ಕ ಎಂಬುದೊಂದನ್ನು ಬಿಟ್ಟು ಇಬ್ಬರೂ ಬೇರೇನೂ ಹೇಳಲಿಲ್ಲ. ನಾನು ಹೋಗಿದ್ದು ಮಲ್ಲೇಶ್ವರಕ್ಕೆ. ನಗಬೇಡಿ, ಮಾವಳ್ಳಿಯವರಿಗೆ ಅದೂ ಪರದೇಶವೇ. ನನಗೆ ಎಪ್ಪತ್ತೊಂದು ವರ್ಷ. ಲಾಲ್‌ಬಾಗಿನ ಗೋಡೆಯ ಪಕ್ಕ ಹುಟ್ಟಿದೆ, ಎರಡು ಬೀದಿ ಆಚೆಗೆ ಮದುವೆಯಾಗಿ ಹೋದೆ. ಬೇಕಾದದ್ದು ಗಾಂಧಿಬಜಾರಿನಲ್ಲಿ ಸಿಗುತ್ತಿತ್ತು, ಅಲ್ಲಿ ಸಿಗದಿದ್ದರೆ ನಗರ್ತಪೇಟೆಯಲ್ಲಿ ಸಿಗುತ್ತಿತ್ತು. ಮೆಜೆಸ್ಟಿಕ್ ದಾಟಿ ನನಗೇನು ಕೆಲಸ?

ಕೆಲಸ ಹಚ್ಚಿದವಳು ಮಗಳು ಸುಜಾತ. ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಒಬ್ಬ ಮಲ್ಲೇಶ್ವರದ ಹುಡುಗನನ್ನು ನೋಡಿ ಮದುವೆಯಾದಳು. ಹನ್ನೊಂದು ವರ್ಷವಾಯಿತು. ಅಷ್ಟರಲ್ಲಿ ನಾನು ಅವಳ ಮನೆಗೆ ಮೂರು ಸಲ ಹೋಗಿದ್ದೇನೆ. ಮೂರು ಸಲವೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಊಟ ಹಾಕಿ, ಕಾರಿನಲ್ಲೇ ತಂದು ಬಿಟ್ಟರು. ಅದು ಪ್ರವಾಸವಲ್ಲ, ಪಾರ್ಸೆಲ್ಲು.

ಈ ಸಲ ಬೀಗಿತ್ತಿಯೇ ಫೋನ್ ಮಾಡಿದರು. ಸುಜಾತಳ ಅತ್ತೆ ಸುಲೋಚನಮ್ಮನವರು ಸ್ಕೂಲಿನಲ್ಲಿ ಮೂವತ್ತು ವರ್ಷ ಟೀಚರಾಗಿದ್ದವರು. ಫೋನಿನಲ್ಲಿ ಮಾತಾಡಿದರೂ ಎದುರಿಗೆ ಬೋರ್ಡ್ ಇದ್ದಂತೆ ಇರುತ್ತದೆ.

"ನಂಜಮ್ಮನವರೇ, ನಮ್ಮ ಮಹಿಳಾ ಸಮಾಜದಿಂದ ಮೂರು ದಿನ ಕಲೆ, ಕೈಕೆಲಸದ ಪ್ರದರ್ಶನ ಇಟ್ಕೊಂಡಿದೀವಿ. ಚಿತ್ರಗಳಿವೆ, ಮಡಕೆ ಇದೆ, ಕಸೂತಿ ಇದೆ. ಭಾನುವಾರ ಮಧ್ಯಾಹ್ನ ಎಲ್ಲರೂ ಕೂತು ಕಲಿಯೋ ಕೂಟವೂ ಇದೆ. ನೀವು ಖಂಡಿತ ಬರಬೇಕು."

"ಬರ್ತೀನಿ. ಕಾರು ಕಳಿಸ್ಬೇಡಿ," ಎಂದೆ.

ನಾನು ಹೊರಟದ್ದು ಚಿತ್ರ ನೋಡಲಿಕ್ಕೆ ಮಾತ್ರವಲ್ಲ. ನನ್ನ ಹೊಟ್ಟೆಯಲ್ಲಿ ಹನ್ನೊಂದು ವರ್ಷದಿಂದ ಒಂದು ಬುಟ್ಟಿ ಕುಳಿತಿತ್ತು.

ಮದುವೆಯಾದ ಹೊಸದರಲ್ಲಿ ನಾನು ಬೀಗರ ಮನೆಗೆ ಕಜ್ಜಾಯ ಮಾಡಿ ಕಳಿಸಿದ್ದೆ. ಡಬ್ಬಿಯಲ್ಲಲ್ಲ, ನಾನೇ ಕೈಯಾರೆ ಹೆಣೆದ ವೈರ್ ಬುಟ್ಟಿಯಲ್ಲಿ. ಹಸಿರು ಮತ್ತು ಮಾವಿನಹಣ್ಣಿನ ಹಳದಿ ಬಣ್ಣದ ಪ್ಲಾಸ್ಟಿಕ್ ವೈರು, ಒಂದೊಂದು ಗಂಟೂ ನೆಲ್ಲಿಕಾಯಿಯಂತೆ ಉಬ್ಬಿರಬೇಕು, ಹಾಗೆ ಹೆಣೆದದ್ದು. ಪಕ್ಕದ ಮನೆಯ ತಮಿಳಮ್ಮ ಕಲಿಸಿದ ಕೆಲಸ. ನನಗೆ ಸ್ಕೂಲು ನಾಲ್ಕನೇ ಕ್ಲಾಸಿಗೇ ಮುಗಿದಿತ್ತು, ಆದರೆ ಬುಟ್ಟಿಯಲ್ಲಿ ನಾನು ಫಸ್ಟ್ ಕ್ಲಾಸು. ನಮ್ಮ ಕಡೆ ಯಾರ ಮನೆಯಿಂದಲಾದರೂ ಪಾತ್ರೆಯಲ್ಲಿ ಏನಾದರೂ ಬಂದರೆ ಪಾತ್ರೆಯನ್ನು ವಾಪಸ್ ಕೊಡಬೇಕು, ಬರಿದಾಗಿ ಕೊಡಬಾರದು. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಅವರ ಕಡೆಯೂ ಅದೇ ಪದ್ಧತಿ ಎಂದು ನನಗೆ ಗೊತ್ತು.

ನನ್ನ ಬುಟ್ಟಿ ವಾಪಸ್ ಬರಲಿಲ್ಲ.

ಆ ಮನೆಯವರು ಮೊದಲ ವರ್ಷ ನಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ನಿಂತರು. ಮೂರನೇ ವರ್ಷ ನೀರು ಕುಡಿದರು. ಐದನೇ ವರ್ಷ ಕಾಫಿ. ಊಟಕ್ಕೆ ಎಂಟು ವರ್ಷ ಹಿಡಿಯಿತು. ನಮ್ಮ ಜಾತಿ ಯಾವುದು, ಅವರದು ಯಾವುದು ಎಂದು ಬಿಡಿಸಿ ಬರೆಯಬೇಕಾಗಿಲ್ಲ, ಇಷ್ಟರಲ್ಲೇ ನಿಮಗೆ ತಿಳಿದಿರುತ್ತದೆ. ಹಾಗಾಗಿ ಬುಟ್ಟಿಯನ್ನು ಕಸಕ್ಕೆ ಎಸೆದಿರಬೇಕೆಂದು ನಾನು ಅಂದುಕೊಂಡಿದ್ದೆ. ಸುಜಾತಳನ್ನು ಒಂದು ಸಲ ಕೇಳಿದೆ. "ಅಮ್ಮ, ಒಂದು ಬುಟ್ಟಿಗೋಸ್ಕರ ನನ್ನನ್ನ ಅಲ್ಲಿ ಸಿಕ್ಕಿಸ್ಬೇಡ" ಅಂದಳು. ಸುಮ್ಮನಾದೆ. ನಾನು ಸುಮ್ಮನಾಗುವುದೆಂದರೆ ಮರೆಯುವುದೆಂದು ಅರ್ಥವಲ್ಲ.

ನೆಲದ ಕೆಳಗೆ

ಪರದೇಶಕ್ಕೆ ಹೋಗುವವರ ಗಂಟುಮೂಟೆ ತಡಕುತ್ತಾರಂತೆ. ಲಾಲ್‌ಬಾಗಿನ ಮೆಟ್ರೋ ಸ್ಟೇಷನ್ನಿನಲ್ಲಿ ನನ್ನದನ್ನೂ ತಡಕಿದರು. ಮೆಷಿನ್ನಿನೊಳಗೆ ಹೋದ ಚೀಲ ಆಚೆ ಬರುವಷ್ಟರಲ್ಲಿ ಖಾಕಿ ತೊಟ್ಟ ಹೆಣ್ಣುಮಗಳೊಬ್ಬಳು ಅದನ್ನು ಹಿಡಿದು ನಿಂತಿದ್ದಳು.

"ಅಜ್ಜಿ, ಇದೇನು?"

"ಕಾಣಲ್ವಾ? ಅಡಕತ್ತರಿ."

"ಚೂಪಾಗಿದೆಯಲ್ಲ."

"ಮೊಂಡಾಗಿದ್ರೆ ಅಡಿಕೆ ಹೇಗಮ್ಮ ಕತ್ತರಿಸ್ಲಿ?"

"ಒಳಗೆ ಯಾರಿಗಾದ್ರೂ ತೋರಿಸ್ತೀರಾ ಇದನ್ನ?"

"ಅಡಿಕೆಗೆ ಬಿಟ್ಟು ಇನ್ಯಾರಿಗೂ ತೋರಿಸಿಲ್ಲ ಇದುವರೆಗೂ."

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಅವಳು ಅಡಕತ್ತರಿಯನ್ನು ತಿರುಗಿಸಿ ನೋಡಿದಳು, ಒಂದು ಸಲ ತೆರೆದು ಮುಚ್ಚಿದಳು. "ನಮ್ಮಜ್ಜಿ ಹತ್ರಾನೂ ಇದೇ ಥರದ್ದಿತ್ತು. ಒಳಗೇ ಇಟ್ಕೊಳ್ಳಿ, ಇಳಿಯೋವರ್ಗೂ ತೆಗೀಬೇಡಿ," ಎಂದು ಬಿಟ್ಟಳು.

ರೈಲಿನಲ್ಲಿ ಹಿರಿಯರಿಗೆಂದು ಬರೆದ ಸೀಟಿನಲ್ಲಿ ಹಿರಿಯನಲ್ಲದವನೊಬ್ಬ ಕಣ್ಣು ಮುಚ್ಚಿ ಕುಳಿತಿದ್ದ. ಅದು ನಿದ್ದೆಯಲ್ಲ, ನಾಟಕ. ನಿದ್ದೆ ಮಾಡುವವರ ಹೆಬ್ಬೆರಳು ಫೋನಿನ ಮೇಲೆ ಓಡಾಡುವುದಿಲ್ಲ. "ಏಳಪ್ಪ, ನಿನ್ನ ಸ್ಟೇಷನ್ ಬಂತು," ಎಂದೆ. "ಯಾವ ಸ್ಟೇಷನ್ನು?" ಎಂದು ಗಾಬರಿಯಾಗಿ ಎದ್ದ. ಕುಳಿತುಕೊಂಡೆ.

ನ್ಯಾಷನಲ್ ಕಾಲೇಜು ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯಿತು. ಕಿಟಕಿಯಲ್ಲಿ ನನ್ನದೇ ಮುಖ ಕಂಡಿತು, ನೋಡುವಂಥದ್ದೇನಿರಲಿಲ್ಲ. ಚಿಕ್ಕಪೇಟೆ ಎಂದು ಕೂಗಿದಾಗ ಮೇಲೆ ನೋಡಿದೆ. ಮೇಲುಗಡೆ ಜನ ಒಬ್ಬರ ಕಾಲನ್ನು ಒಬ್ಬರು ತುಳಿಯುತ್ತ, ಸೀರೆ ಅಂಗಡಿಯವನ ಜತೆ ಜಗಳವಾಡುತ್ತ ನಡೆಯುತ್ತಿರಬೇಕು. ನಾನು ಅವರ ಪಾದದ ಕೆಳಗೆ ತಣ್ಣಗೆ ಕುಳಿತು ಹೋಗುತ್ತಿದ್ದೆ. ವಿಮಾನದಲ್ಲಿ ಹೋದವರು ಸಮುದ್ರದ ಮೇಲೆ ಹಾರಿದೆವು ಎನ್ನುತ್ತಾರೆ. ನಾನು ಚಿಕ್ಕಪೇಟೆಯ ಕೆಳಗೆ ಹಾರಿದೆ.

ಇಳಿದ ಮೇಲೆ ಟೋಕನ್ ಕಾಣಲಿಲ್ಲ. ಸೊಂಟದಲ್ಲಿ ಇರಲಿಲ್ಲ, ಕೈಯಲ್ಲಿ ಇರಲಿಲ್ಲ. ಗೇಟಿನ ಮುಂದೆ ನಿಂತು ಎಲೆಅಡಿಕೆ ಚೀಲವನ್ನು ಬುಡಮೇಲು ಮಾಡಿದೆ. ಸುಣ್ಣದ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಟೋಕನ್ ಅದರೊಳಗೆ ಅರ್ಧ ಮುಳುಗಿತ್ತು. ಸೆರಗಿನಲ್ಲಿ ಒರೆಸಿ ಹಾಕಿದೆ. ಗೇಟು ಒಂದು ಗಳಿಗೆ ಯೋಚನೆ ಮಾಡಿ ಬಿಟ್ಟುಕೊಟ್ಟಿತು.

ಸಂಪಿಗೆ ರಸ್ತೆ

ಮಲ್ಲೇಶ್ವರದ ಜನರಿಗೆ ದಾರಿ ಹೇಳಲು ಬರುವುದಿಲ್ಲ. ಅವರಿಗೆ ಬರುವುದು ಲೆಕ್ಕ.

ಹೂ ಮಾರುವವಳನ್ನು ಕೇಳಿದೆ. "ಚಿತ್ರ ಪ್ರದರ್ಶನ ನಡೀತಿದೆಯಂತಲ್ಲ, ಆ ಹಾಲ್ ಎಲ್ಲಮ್ಮ?"

"ಎಷ್ಟನೇ ಕ್ರಾಸು?"

"ಗೊತ್ತಿಲ್ಲ. ಎದುರಿಗೆ ದೊಡ್ಡ ಹೊಂಗೆಮರ ಇದೆಯಂತೆ."

"ಅಜ್ಜಿ, ಕ್ರಾಸ್ ನಂಬರ್ ಇಲ್ದಿದ್ರೆ ಇಲ್ಲಿ ದೇವರೂ ಗುಡಿ ಸೇರಲ್ಲ."

ನಮ್ಮಲ್ಲಿ ಹಾಗಲ್ಲ. ನಲ್ಲಿ ಇರುವ ತಿರುವಿನಲ್ಲಿ, ಕಂದು ನಾಯಿ ಮಲಗಿರುವ ಮನೆ ಎಂದರೆ ಹೊಸಬರೂ ಬಂದು ತಲುಪುತ್ತಾರೆ. ನಾಯಿ ಎದ್ದು ಹೋಗಿದ್ದರೆ ಮಾತ್ರ ಸ್ವಲ್ಪ ಕಷ್ಟ.

ಬಿಳಿ ಬೂಟು ಹಾಕಿಕೊಂಡು ಎಲ್ಲಿಗೂ ಹೋಗದೆ ಸುಮ್ಮನೆ ನಡೆಯುತ್ತಿದ್ದ ಯಜಮಾನರೊಬ್ಬರು ಸಿಕ್ಕಿದರು. ಆ ಊರಿನಲ್ಲಿ ಇಂಥವರು ಬಹಳ. "ಬನ್ನಿ ತಾಯಿ, ತೋರಿಸ್ತೀನಿ," ಎಂದು ಜೊತೆಗೇ ಬಂದರು. ಬರುತ್ತ ಬರುತ್ತ ಪ್ರತಿ ಮನೆಯ ಕಥೆ ಹೇಳಿದರು. ಈ ಮನೆಯಲ್ಲಿ ಒಬ್ಬ ಎಂಜಿನಿಯರು ಇದ್ದರು, ಆ ಮನೆಯಲ್ಲಿ ಒಬ್ಬ ಪಿಟೀಲು ವಿದ್ವಾಂಸರಿದ್ದರು, ಈಗ ಎರಡೂ ಅಪಾರ್ಟ್‌ಮೆಂಟು. ಪಿಟೀಲಿನವರಿಗೂ ಎಂಜಿನಿಯರಿಗೂ ಮಾವಿನ ಕೊಂಬೆಯ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟಿತ್ತಂತೆ. ನನಗೂ ಆಸಕ್ತಿ ಹುಟ್ಟಿತು. ಕೊಂಬೆ ಕಡಿದವರು ಯಾರು ಎಂದು ಗೊತ್ತಾಗುವಷ್ಟರಲ್ಲಿ ನಾವಿಬ್ಬರೂ ಹಾಲನ್ನು ದಾಟಿ ಮೂರು ಕ್ರಾಸ್ ಮುಂದೆ ಬಂದಿದ್ದೆವು. ವಾಪಸ್ ನಡೆದೆವು. ಅವರಿಗೆ ಸಂತೋಷವೇ ಆಯಿತು, ಎದುರು ಸಾಲಿನ ಮನೆಗಳು ಬಾಕಿ ಇದ್ದವು.

ಹಾಲ್

ಚಿತ್ರ ನೋಡುವವರನ್ನು ನೋಡುವುದೇ ಒಂದು ಪ್ರದರ್ಶನ. ಕೈಯನ್ನು ಬೆನ್ನ ಹಿಂದೆ ಕಟ್ಟುತ್ತಾರೆ. ಎರಡು ಹೆಜ್ಜೆ ಮುಂದೆ ಹೋಗಿ ಮೂಗು ತಾಗಿಸುವಂತೆ ನೋಡಿ, ಮೂರು ಹೆಜ್ಜೆ ಹಿಂದೆ ಬಂದು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಾರೆ. ನಾವು ಹಲಸಿನಹಣ್ಣು ಕೊಳ್ಳುವಾಗಲೂ ಹೀಗೇ ಮಾಡುತ್ತೇವೆ, ಆದರೆ ಕೊನೆಗೆ ಕೊಳ್ಳುತ್ತೇವೆ.

ನಾನೂ ಕೈ ಕಟ್ಟಿಕೊಂಡು ಹೊರಟೆ. ಒಂದು ಚಿತ್ರದಲ್ಲಿ ಬರೀ ನೀಲಿ. ಇನ್ನೊಂದರಲ್ಲಿ ಬಸವನಗುಡಿಯ ಕಡಲೆಕಾಯಿ ರಾಶಿ, ಕಾಯಿಗಳು ಚೆನ್ನಾಗಿ ಬಲಿತಿದ್ದವು. ಮೂರನೆಯದರಲ್ಲಿ ಒಬ್ಬ ಹೆಂಗಸು ಅಂಗಳ ಗುಡಿಸುತ್ತಿದ್ದಳು. ಅಲ್ಲಿ ಬಹಳ ಹೊತ್ತು ನಿಂತೆ. ಗಡ್ಡ ಬಿಟ್ಟ ಹುಡುಗನೊಬ್ಬ ಪಕ್ಕಕ್ಕೆ ಬಂದ, ಅವನೇ ಬರೆದವನು.

"ಹೇಗಿದೆ ಅಜ್ಜಿ?"

"ಬಣ್ಣ ಚೆನ್ನಾಗಿದೆ. ಆದ್ರೆ ಈಯಮ್ಮ ಗುಡಿಸ್ತಿಲ್ಲ."

"ಅಂದ್ರೆ?"

"ಕಡ್ಡಿಪೊರಕೆನ ಇಷ್ಟು ತುದೀಲಿ ಹಿಡಿದ್ರೆ ಕಸ ಅಲ್ಲೇ ಇರತ್ತೆ, ಸೊಂಟ ಹೋಗತ್ತೆ. ನೀನು ಯಾವತ್ತಾದ್ರೂ ಗುಡಿಸಿದೀಯಾ?"

"ಇಲ್ಲ ಅಜ್ಜಿ," ಎಂದ. ಪ್ರಾಮಾಣಿಕ. ಅವನ ಕೈಯಲ್ಲಿದ್ದ ಛತ್ರಿ ಕಿತ್ತುಕೊಂಡು, ಎಲ್ಲಿ ಹಿಡಿಯಬೇಕು, ಎಷ್ಟು ಬಗ್ಗಬೇಕು ಎಂದು ತೋರಿಸಿದೆ. ಅವನು ಫೋಟೊ ತೆಗೆದುಕೊಂಡ. ನಾಲ್ಕು ಜನ ಸುತ್ತ ನಿಂತರು. ಇದೂ ಪ್ರದರ್ಶನದ ಭಾಗವೆಂದುಕೊಂಡು ಒಬ್ಬರು ಚಪ್ಪಾಳೆ ತಟ್ಟಿದರು. ನೆಲ ಮಾತ್ರ ಮೊದಲಿಗಿಂತ ಚೊಕ್ಕವಾಗಲಿಲ್ಲ.

ಆಮೇಲೆ ಕೈಕೆಲಸದ ಕಡೆಗೆ ತಿರುಗಿದೆ. ಬಿಳಿ ಬಟ್ಟೆ ಹೊದಿಸಿದ ಮೇಜಿನ ಮೇಲೆ, ಮಣಿಯ ಗಿಣಿಗಳಿಗೂ ಕಸೂತಿಯ ದಿಂಬಿಗೂ ನಡುವೆ, ನನ್ನ ಬುಟ್ಟಿ ಕುಳಿತಿತ್ತು.

ನನ್ನದೇ. ಹಸಿರು, ಹಳದಿ, ಬಾಯಿಯ ಹತ್ತಿರ ಒಂದೇ ಒಂದು ಸಾಲು ಕೆಂಪು. ಮುಂದೆ ಚೀಟಿ ಇತ್ತು. ಅಕ್ಷರ ಕೂಡಿಸಿ ಓದಿದೆ. "ಪ್ಲಾಸ್ಟಿಕ್ ತಂತಿಯ ಬುಟ್ಟಿ. ಕೈಕೆಲಸ: ಶ್ರೀಮತಿ ಸುಲೋಚನ." ಇನ್ನೊಂದು ಸಲ ಓದಿದೆ. ಹೆಸರು ಬದಲಾಗಲಿಲ್ಲ.

ಎಸೆದಿರಲಿಲ್ಲ. ನನಗೆ ಮೊದಲು ಹೊಳೆದದ್ದು ಅದು. ಎರಡನೆಯದು ಹೊಳೆದಾಗ ಕಿವಿ ಬಿಸಿಯಾಯಿತು. ಬುಟ್ಟಿಯ ಕೈಹಿಡಿ ಸಡಿಲವಾಗಿದೆಯೇನೋ ನೋಡೋಣವೆಂದು ಕೈ ಚಾಚಿದೆ.

"ಅಜ್ಜಿ, ದಯವಿಟ್ಟು ಮುಟ್ಬೇಡಿ," ಎಂದಿತು ಒಂದು ದನಿ. ಕೈಮಗ್ಗದ ಸೀರೆ, ದೊಡ್ಡ ಕುಂಕುಮದ ಹುಡುಗಿ. ಅನಘ ಅಂತೆ, ಎಲ್ಲ ವ್ಯವಸ್ಥೆ ಅವಳದೇ.

ಈ ಮಾತನ್ನು ನಾನು ಬೇರೆ ಬೇರೆ ಕಡೆ, ಬೇರೆ ಬೇರೆ ದನಿಯಲ್ಲಿ ಕೇಳಿದ್ದೇನೆ. ದಯವಿಟ್ಟು ಸೇರಿಸಿ ಹೇಳಿದ್ದು ಇವಳೊಬ್ಬಳೇ. ನಾನೇ ಮಾಡಿದ ವಸ್ತುವಿನ ಬಗ್ಗೆ ಹೇಳಿದ್ದೂ ಇದೇ ಮೊದಲು.

ಬಾಯಿ ತೆರೆಯುವಷ್ಟರಲ್ಲಿ ಯಾರೋ ಮೊಣಕೈ ಹಿಡಿದರು. ಸುಜಾತ. ಚೀಟಿ ನೋಡಿದಳು, ನನ್ನ ಮುಖ ನೋಡಿದಳು. ಚೀಟಿಯ ವಿಷಯ ಅವಳಿಗೂ ಗೊತ್ತಿರಲಿಲ್ಲವೆಂದು ಅವಳ ಮುಖವೇ ಹೇಳಿತು.

"ಅಮ್ಮ, ಇಲ್ಲೇನೂ ಅನ್ಬೇಡ."

"ಏನೂ ಅಂದಿಲ್ವಲ್ಲ."

"ಅನ್ನೋ ಹಾಗೆ ಉಸಿರು ತಗೊಂಡೆ. ನಂಗೊತ್ತು ನಿನ್ನ. ಇವರೆಲ್ಲ ಅತ್ತೆ ಜೊತೆ ದಿನಾ ವಾಕಿಂಗ್ ಹೋಗೋರು. ಇವರ ಮುಂದೆ ಅವರಿಗೆ ಅವಮಾನ ಆದ್ರೆ, ನಾಳೆಯಿಂದ ಆ ಮನೇಲಿ ಇರ್ಬೇಕಾಗಿರೋಳು ನಾನು."

"ಬುಟ್ಟಿ ನಂದು ಕಣೆ."

"ನಿಂದೇ. ಅವರ ಹತ್ರ ಮನೇಲಿ ನಾನೇ ಕೇಳ್ತೀನಿ. ಇವತ್ತೊಂದಿನ ಬಾಯಿ ಮುಚ್ಕೊಂಡಿರು."

ಎಪ್ಪತ್ತೊಂದು ವರ್ಷದಲ್ಲಿ ನಾನು ಒಂದು ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದದ್ದು ಹಲ್ಲು ಕೀಳಿಸಿದಾಗ ಮಾತ್ರ. ಆದರೂ ತಲೆಯಾಡಿಸಿದೆ.

ಸುಲೋಚನಮ್ಮನವರು ಬಂದರು. ಇಸ್ತ್ರಿ ಮಾಡಿದ ಸೀರೆ, ಮಲ್ಲಿಗೆ ಮೊಗ್ಗು. ನಾನು ನಿಂತಿದ್ದ ಜಾಗ ನೋಡಿ ಕನ್ನಡಕ ಸರಿ ಮಾಡಿಕೊಂಡರು. "ಬನ್ನಿ ನಂಜಮ್ಮನವರೇ, ಕಾಫಿ ಆಯ್ತೇ?" ಎಂದರು. ಬುಟ್ಟಿಯ ಕಡೆ ಒಂದು ಸಲವೂ ನೋಡಲಿಲ್ಲ. ಅಷ್ಟು ಕಷ್ಟಪಟ್ಟು ಒಂದು ವಸ್ತುವನ್ನು ನೋಡದೆ ಇದ್ದವರನ್ನು ನಾನು ಬೇರೆ ಕಂಡಿಲ್ಲ.

"ಆಯ್ತು," ಎಂದೆ. ಆಗಿರಲಿಲ್ಲ.

ಮೂರು ಗಂಟೆಯ ಕೂಟ

ಮಧ್ಯಾಹ್ನ ಜಮಖಾನ ಹಾಸಿದರು. ಮೂವತ್ತು ನಲವತ್ತು ಹೆಂಗಸರು ಎರಡು ಸಾಲಾಗಿ ಗುಂಡಗೆ ಕುಳಿತರು. ಅನಘ ಮಧ್ಯೆ ನಿಂತು ಕೂಗಿ ಹೇಳಿದಳು: "ಈ ಮೂರು ದಿನದಲ್ಲಿ ಎಲ್ಲರೂ ಕೇಳಿದ್ದು ಒಂದೇ. ಆ ವೈರ್ ಬುಟ್ಟಿ ಹೆಣೆಯೋದು ಹೇಗೆ? ನಮ್ಮ ಸುಲೋಚನ ಮೇಡಂಗೆ ಸರ್‌ಪ್ರೈಸ್! ವೈರ್ ತರಿಸಿದೀನಿ. ಈಗ ಅವರೇ ಕಲಿಸ್ತಾರೆ!"

ಚಪ್ಪಾಳೆ. ಸುಲೋಚನಮ್ಮನವರ ಮುಖ ನೆನೆಸಿದ ಅಕ್ಕಿಯಂತಾಯಿತು. ಸುಜಾತ ನನ್ನ ಕೈ ಹಿಡಿದುಕೊಂಡಳು, ಪ್ರೀತಿಯಿಂದಲ್ಲ, ಹಗ್ಗ ಹಿಡಿದಂತೆ.

ಬೀಗಿತ್ತಿ ಮಧ್ಯಕ್ಕೆ ಹೋಗಿ ಕುಳಿತರು. ನೀಲಿ ವೈರನ್ನು ಕೈಗೆ ತೆಗೆದುಕೊಂಡರು. ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಗಂಟು ಹಾಕತೊಡಗಿದರು. ನೋಡಿದೆ, ಗುರುತು ಸಿಕ್ಕಿತು. ಅದು ಹೂ ಕಟ್ಟುವ ಗಂಟು. ಮಲ್ಲೇಶ್ವರದವರ ಕೈಗೆ ಗೊತ್ತಿರುವ ಗಂಟು ಅದೊಂದೇ. ಮಲ್ಲಿಗೆ ದಂಟು ಹೇಳಿದ ಹಾಗೆ ಕೇಳುತ್ತದೆ, ವೈರು ಕೇಳುತ್ತದೆಯೇ? ಚಟಕ್ಕನೆ ಬಿಚ್ಚಿಕೊಂಡು ಅವರ ಕನ್ನಡಕಕ್ಕೆ ಬಡಿಯಿತು.

ಇಡೀ ಹಾಲಿನಲ್ಲಿ ನಕ್ಕವಳು ನಾನೊಬ್ಬಳೇ. ಎಲ್ಲರೂ ನನ್ನ ಕಡೆ ತಿರುಗಿದರು. ಬೀಗಿತ್ತಿಯೂ ತಿರುಗಿದರು. ಆ ಕಣ್ಣಲ್ಲಿ ಟೀಚರ್ ಇರಲಿಲ್ಲ. ಪಾಠ ಓದದೆ ಪರೀಕ್ಷೆಗೆ ಬಂದ ಹುಡುಗಿ ಇದ್ದಳು.

ಸುಜಾತಳ ಕೈ ಬಿಡಿಸಿಕೊಂಡು ಎದ್ದೆ. "ಅವರಿಗೆ ಬೆರಳು ನೋವು," ಎಂದೆ. "ಕೈ ನಂದು, ಪಾಠ ಅವರದು. ನಾನು ಮಾಡ್ತೀನಿ, ಅವರು ಹೇಳ್ತಾರೆ."

ನಾನು ದೊಡ್ಡ ಮನಸ್ಸು ಮಾಡಿದೆನೆಂದು ತಿಳಿಯಬೇಡಿ. ಅವರು ಏನು ಹೇಳುತ್ತಾರೋ ಕೇಳಬೇಕೆಂಬ ಚಪಲವೂ ಇತ್ತು.

ವೈರನ್ನು ಅರ್ಧಕ್ಕೆ ಮಡಚಿದೆ. "ಮೊದಲಿಗೆ ಅರ್ಧಕ್ಕೆ ಮಡಚಬೇಕು," ಎಂದರು ಬೀಗಿತ್ತಿ. ದನಿ ಮತ್ತೆ ಬೋರ್ಡಿನ ಮುಂದೆ ನಿಂತಿತ್ತು. ಒಂದರ ಕುಣಿಕೆಯೊಳಗೆ ಇನ್ನೊಂದನ್ನು ತೂರಿಸಿದೆ. "ಕುಣಿಕೆಯೊಳಗೆ ತೂರಿಸಬೇಕು." ಎಳೆದೆ. "ಎಳೆಯಬೇಕು. ಗಟ್ಟಿಯಾಗಿ, ಆದರೆ ಸಹನೆಯಿಂದ." ಸಹನೆ ಅವರದೇ ಸೇರ್ಪಡೆ. ವೈರು ಕತ್ತರಿಸಬೇಕಾಯಿತು. ಅನಘ ಕತ್ತರಿ ತರುವುದನ್ನು ಮರೆತಿದ್ದಳು. ಚೀಲದಿಂದ ಅಡಕತ್ತರಿ ತೆಗೆದು ಕಟ್ ಎಂದು ಕತ್ತರಿಸಿದೆ.

"ಅಡಕತ್ತರಿಯಲ್ಲಿ ಕತ್ತರಿಸಬೇಕು," ಎಂದರು ಬೀಗಿತ್ತಿ.

"ಅದ್ಯಾಕೆ ಮೇಡಂ?" ಮುಂದಿನ ಸಾಲಿನ ಹೆಂಗಸು ಕೇಳಿದಳು.

"ಅದು... ಹಳೇ ಪದ್ಧತಿ."

ನಾನು ಬೇಕೆಂದೇ ಕೈ ನಿಲ್ಲಿಸಿದೆ. ಒಂದು ಅಡಿಕೆ ತೆಗೆದು, ಹೋಳು ಮಾಡಿ, ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದೆ. ಬೀಗಿತ್ತಿ ನನ್ನ ಕೈ ನೋಡಿದರು, ಬಾಯಿ ನೋಡಿದರು, ಗಂಟಲು ಸರಿ ಮಾಡಿಕೊಂಡರು. "ಇಲ್ಲಿ ಸ್ವಲ್ಪ ಹೊತ್ತು ಹಾಗೇ ಬಿಡಬೇಕು," ಎಂದರು. ಮುಂದಿನ ಸಾಲಿನವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಹೀಗೆ ಹೋಗಿದ್ದರೆ ಸುಜಾತಳ ಮನೆ ಉಳಿಯುತ್ತಿತ್ತು, ನನಗೂ ಮೋಜು ಸಿಗುತ್ತಿತ್ತು. ಆದರೆ ಯಾರೋ ಎದ್ದು ಮೇಜಿನ ಮೇಲಿದ್ದ ಬುಟ್ಟಿಯನ್ನು ತಂದರು. "ಮೇಡಂ, ಬಾಯಿ ಹತ್ರ ಒಂದೇ ಒಂದು ಸಾಲು ಕೆಂಪು ಯಾಕೆ? ಬೇರೆಲ್ಲೂ ಇಲ್ವಲ್ಲ?"

ಬೀಗಿತ್ತಿ ನನ್ನನ್ನು ನೋಡಿದರು. ನಾನು ವೈರು ನೋಡಿದೆ.

"ಅದು ದೃಷ್ಟಿಗೆ," ಎಂದರು. "ಎಷ್ಟೇ ಅಂದವಾಗಿದ್ದರೂ ಒಂದು ಕಡೆ ಬೇಕೆಂದೇ ತಪ್ಪು ಇಡಬೇಕು, ದೃಷ್ಟಿ ತಾಗದ ಹಾಗೆ."

"ಆಹಾ!" ಎಂದರು ನಲವತ್ತು ಜನ. ಫೋನುಗಳೆಲ್ಲ ಕೆಂಪು ಸಾಲಿನ ಮೇಲೆ ಬಗ್ಗಿದವು. ಚಿತ್ರದ ಹುಡುಗ ಕೂಡ, "ಎಂಥಾ ಯೋಚನೆ!" ಎಂದ.

ಹೆಸರು ತೆಗೆದುಕೊಂಡದ್ದನ್ನು ನುಂಗಿದ್ದೆ. ಇದನ್ನು ನುಂಗಲಾಗಲಿಲ್ಲ. ನಾನು ಯಾವತ್ತೂ ಬೇಕೆಂದೇ ತಪ್ಪು ಹೆಣೆದವಳಲ್ಲ.

"ದೃಷ್ಟಿನೂ ಇಲ್ಲ, ಮಣ್ಣೂ ಇಲ್ಲ," ಎಂದೆ. "ಹಳದಿ ವೈರು ಮುಗೀತು. ನಗರ್ತಪೇಟೆ ಅಂಗಡೀಲಿ ಆ ವಾರ ಕೆಂಪು ಬಿಟ್ಟು ಬೇರೆ ಇರ್ಲಿಲ್ಲ. ಮಾರನೇ ದಿನ ಕಜ್ಜಾಯ ಕಳಿಸ್ಬೇಕಿತ್ತು."

ಕೆಂಪು ಸಾಲಿನ ಮೇಲಿದ್ದ ಫೋನುಗಳು ನನ್ನ ಕಡೆ ತಿರುಗಿದವು. ಸುಜಾತ ಕಣ್ಣು ಮುಚ್ಚಿಕೊಂಡಳು.

"ಅದು ನಿಮಗೆ ಹೇಗೆ ಗೊತ್ತು ಅಜ್ಜಿ?" ಎಂದಳು ಅನಘ.

ನಾನು ವೈರಿನ ಗಂಟು ಎಳೆಯುತ್ತ ಕುಳಿತೆ. ಅಷ್ಟರ ಮಟ್ಟಿಗೆ ಮಗಳಿಗೆ ಕೊಟ್ಟ ಮಾತು ಉಳಿಸಿಕೊಂಡೆ. ಬೀಗಿತ್ತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಎದ್ದು ನಿಂತರು. ಟೀಚರುಗಳಿಗೆ ತಪ್ಪು ಒಪ್ಪಿಕೊಳ್ಳಲೂ ಎದ್ದು ನಿಲ್ಲಬೇಕೇನೋ.

"ಯಾಕೆಂದರೆ ಬುಟ್ಟಿ ಹೆಣೆದಿದ್ದು ಅವರು," ಎಂದರು. "ಇವರು ನಮ್ಮ ಬೀಗಿತ್ತಿ, ನಂಜಮ್ಮನವರು, ಮಾವಳ್ಳಿಯವರು. ನಮ್ಮ ಸುಜಾತನ ತಾಯಿ. ಬುಟ್ಟಿ ಯಾರದು ಅಂತ ಅನಘ ಕೇಳಿದಳು, ನಮ್ಮನೇದು ಅಂದೆ. ಅವಳು ಚೀಟಿ ಬರೆದಳು. ಮೊದಲನೇ ದಿನ ನೀವೆಲ್ಲ ಬಂದು ಹೊಗಳಿದಿರಿ. ರಿಟೈರ್ ಆದ ಮೇಲೆ ನನಗೆ 'ಚೆನ್ನಾಗಿ ಮಾಡಿದೀರಿ' ಅಂದವರೇ ಇರಲಿಲ್ಲ. ಹೇಳೋಕೆ ಮನಸ್ಸು ಬರಲಿಲ್ಲ. ನನಗೆ ಒಂದು ಗಂಟೂ ಬರಲ್ಲ."

ಮೇಜಿನ ಹತ್ತಿರ ಹೋಗಿ ಪೆನ್ನು ತೆಗೆದುಕೊಂಡು ಚೀಟಿಯಲ್ಲಿ ತಮ್ಮ ಹೆಸರು ಹೊಡೆದು ನನ್ನ ಹೆಸರು ಬರೆದರು. ಅಕ್ಷರ ಮಾತ್ರ ಮುತ್ತಿನ ಹಾಗೆ. ಹೆಂಗಸರಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನವಳು ಪುಸ್ತಕ ತೆರೆದು ಕೇಳಿದಳು, "ಹಾಗಾದ್ರೆ ಸ್ವಲ್ಪ ಹೊತ್ತು ಬಿಡೋದು ಬೇಡ್ವಾ?"

"ಬೇಡ," ಎಂದೆ. "ಅದು ಅಡಿಕೆಗೆ."

ಆಗ ನಕ್ಕರು, ಎಲ್ಲರೂ. ಕೊನೆಗೆ ಬೀಗಿತ್ತಿಯೂ.

ಜನ ಎರಡೆರಡು ವೈರು ಹಿಡಿದು ಕಲಿಯುತ್ತಿದ್ದಾಗ ಅವರು ಬಂದು ನನ್ನ ಪಕ್ಕದಲ್ಲಿ ಕುಳಿತರು. ನಾನೇ ಕೇಳಿದೆ.

"ಹನ್ನೊಂದು ವರ್ಷ ಯಾಕೆ ವಾಪಸ್ ಕೊಡ್ಲಿಲ್ಲ?"

"ಬರಿದಾಗಿ ಕೊಡಬಾರದಲ್ಲ," ಎಂದರು ಮೆಲ್ಲಗೆ. "ಏನು ಹಾಕಿ ಕಳಿಸ್ಲಿ ಅಂತ ಗೊತ್ತಾಗ್ಲಿಲ್ಲ. ಆಗ ನಾವು ನಿಮ್ಮನೇಲಿ ನೀರೂ ಕುಡೀತಿರ್ಲಿಲ್ಲ. ನಮ್ಮನೆ ತಿಂಡಿ ಹಾಕಿ ಯಾವ ಮುಖ ಇಟ್ಕೊಂಡು ಕಳಿಸೋದು? ನಾಳೆ, ನಾಡಿದ್ದು ಅಂತ ವರ್ಷ ಆಯ್ತು. ಆಮೇಲೆ ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ತರೋದಕ್ಕೆ ಅದೇ ಬೇಕು ಅನ್ನೋ ಹಾಗಾಯ್ತು."

"ಕಜ್ಜಾಯ?"

ಕೈಯಲ್ಲಿದ್ದ ವೈರನ್ನು ಬಿಚ್ಚಿ ಮತ್ತೆ ಮಡಚಿದರು. "ತಿನ್ನಲಿಲ್ಲ. ಮನೆ ಕೆಲಸದವಳಿಗೆ ಕೊಟ್ಟೆ."

ಸುಳ್ಳು ಹೇಳಬಹುದಿತ್ತು. ಆ ದಿನದ ಸುಳ್ಳಿನ ಪಾಲು ಮುಗಿದಿತ್ತೇನೋ.

"ಅವಳು ತಿಂದ್ಲಾ?"

"ಹೂಂ. ಇನ್ನೂ ಇದೆಯಾ ಅಂತ ಕೇಳಿದ್ಲು."

"ಮತ್ತೆ ಸರಿ," ಎಂದೆ. "ತಿನ್ನೋರಿಗೆ ಸೇರ್ತಲ್ಲ. ಆ ಬೆರಳು ಹಿಂಗೆ ಹಿಡೀರಿ. ಹೂವಲ್ಲ ಅದು, ಹೆದರ್ಬೇಡಿ, ಬಾಡಲ್ಲ."

ವಾಪಸ್

ಆರು ಗಂಟೆಗೆ ಪ್ರದರ್ಶನ ಮುಚ್ಚಿದರು. ಗೋಡೆಯ ಮೇಲೆ ಮೊಳೆಗಳು ಮಾತ್ರ ಉಳಿದವು. ಬೀಗಿತ್ತಿ ನನ್ನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಒಳಗೆ ಅವರು ಎರಡು ಗಂಟೆ ಹೊತ್ತು ನನ್ನ ಕೈಲಿ ಬೈಸಿಕೊಂಡು ಹೆಣೆದ ನೀಲಿ ಬುಟ್ಟಿ ಇತ್ತು. ನಾಲ್ಕು ನಿಂಬೆಹಣ್ಣು ಹಿಡಿಸುವಷ್ಟು ಪುಟ್ಟದು, ಎಡಕ್ಕೆ ವಾಲಿತ್ತು.

"ಬರಿದಾಗಿ ಕೊಡ್ತಿಲ್ಲ ನೋಡಿ," ಎಂದರು.

"ಇದಕ್ಕಿಂತ ಬರಿದೇ ವಾಸಿಯಿತ್ತು," ಎಂದೆ. ಸುಜಾತ "ಅಮ್ಮಾ!" ಎಂದಳು. ಬೀಗಿತ್ತಿ, "ಬಿಡು ಸುಜಾತ, ನಾನೂ ಮಕ್ಕಳಿಗೆ ಹೀಗೇ ಮಾರ್ಕ್ಸ್ ಕೊಡ್ತಿದ್ದೆ," ಎಂದರು. ನಾಳೆ ಹಾಲಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಬಟ್ಟೆ ಚೀಲ ಇದೆಯಂತೆ. ಅದು ಸೋರುತ್ತದೆ, ನನಗೆ ಗೊತ್ತು. ಅವರಿಗೂ ಗೊತ್ತಾಗಲಿ.

ಸ್ಟೇಷನ್ನಿನ ತಪಾಸಣೆಯಲ್ಲಿ ಈ ಸಲ ಅಡಕತ್ತರಿಯನ್ನು ಯಾರೂ ಕೇಳಲಿಲ್ಲ. ಬುಟ್ಟಿಯನ್ನು ಮಾತ್ರ ಆ ಕಡೆಯ ಹುಡುಗಿ ಎತ್ತಿ ನೋಡಿ, "ಎಲ್ಲಿ ಸಿಗತ್ತೆ ಅಜ್ಜಿ ಇದು?" ಎಂದಳು. "ಮಲ್ಲೇಶ್ವರದಲ್ಲಿ," ಎಂದೆ. "ಆದರೆ ತಡವಾಗತ್ತೆ."

ಮನೆಯಲ್ಲಿ ಸೊಸೆ ನೀಲಿ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅತ್ತೆ, ಇದ್ಯಾಕೆ ಸೊಟ್ಟಗಿದೆ?"

"ಬೀಗಿತ್ತಿ ಕಟ್ಟಿದ್ದು."

ನಿಂಬೆಹಣ್ಣು ಹಾಕಿಟ್ಟೆ. ತಳದಲ್ಲಿ ಎರಡು ಗಂಟು ಸಡಿಲ. ಒಂದು ಹಣ್ಣು ಆ ಸಂದಿಯಿಂದ ಜಾರಿ ಮಂಚದ ಕೆಳಗೆ ಉರುಳಿತು. ಬಿಚ್ಚಿ ಸರಿಯಾಗಿ ಹೆಣೆಯಲು ನನಗೆ ಹತ್ತು ನಿಮಿಷ ಸಾಕು. ಕತ್ತರಿಸೋಣವೆಂದು ಅಡಕತ್ತರಿ ತೆಗೆದೆ. ತೆಗೆದವಳು ಅಡಿಕೆಯನ್ನೇ ಕತ್ತರಿಸಿ ಬಾಯಿಗೆ ಹಾಕಿಕೊಂಡೆ.

ಆ ನೀಲಿ ಬುಟ್ಟಿಯಲ್ಲಿ ಈಗ ಈರುಳ್ಳಿ ಇಡುತ್ತೇನೆ. ಎರಡೇ ಹಿಡಿಸುತ್ತವೆ. ದಪ್ಪನೆಯವನ್ನು ಆರಿಸಿ ತರುತ್ತೇನೆ.